ನಿಂಬೆಗಾತ್ರದ ಮುದ್ದೆ

ಆಗಸ್ಟ್ 4, 2025, ಸೋಮವಾರ

ಇವತ್ತು ದೀಪಿಕಳ ಜೊತೆ ಮಂಡ್ಯಕ್ಕೆ ಹೋಗಿ ಬಂದೆ. ತೂಕ ತೊಂಬತ್ತೊಂದು ಕೆ.ಜಿ. ದೀಪಿಕ ಬೇರೆ ಕಡೆ ನೋಡುವ ಹಾಗೆ ನಟಿಸಿದಳು, ಆದರೆ ನೋಡಿದಳು. ಅವಳು ನನ್ನ ಓರಗಿತ್ತಿ, ಮೈದುನ ಯತೀಶನ ಹೆಂಡತಿ, ಹಲಗೂರಿನ ಶಾಲೆಯಲ್ಲಿ ಟೀಚರು. ಮದುವೆಯ ರವಿಕೆಗಳು ಬಿಗಿಯಾದವಂತೆ, ಅಷ್ಟಕ್ಕೇ ಬಂದಿದ್ದಳು. ನನಗಾದರೆ ಶುಗರ್. ಮೂರು ತಿಂಗಳು ಊಟದಲ್ಲೇ ಹಿಡಿತಕ್ಕೆ ತನ್ನಿ, ಆಗದಿದ್ದರೆ ಮಾತ್ರೆ ಶುರು ಮಾಡೋಣ ಎಂದು ಡಾಕ್ಟರು ಹೇಳಿದ್ದಾರೆ.

ಊಟ ಹೇಳಿಕೊಡುವ ಹುಡುಗಿಯ ಹೆಸರು ಶೋಭಿತಾ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. "ಮುದ್ದೆ ಎಷ್ಟು ತಿಂತೀರಾ ಮೇಡಂ?" ಎಂದಳು. "ಅರ್ಧ" ಎಂದೆ. ಬಾಯಿಂದ ಹೇಗೆ ಬಂತೋ! ನಮ್ಮಿಬ್ಬರಿಗೂ ಒಂದೇ ಚೀಟಿ ಪ್ರಿಂಟ್ ತೆಗೆದು ಕೊಟ್ಟಳು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಮೊಟ್ಟೆ ಅಥವಾ ಕೋಳಿ ಅಥವಾ ಪನೀರು, ಒಂದು ಬಟ್ಟಲು ಪಲ್ಯ, ನಿಂಬೆಹಣ್ಣಿನ ಗಾತ್ರದ ಮುದ್ದೆ. ಸಂಜೆ ಒಂದು ಹಿಡಿ ಕಡ್ಲೆಕಾಯಿ ಬೀಜ. ರಾತ್ರಿ ಒಂದು ಚಪಾತಿ. "ಪ್ರೋಟೀನ್ ತಿಂದ್ರೆ ಹೊಟ್ಟೆ ಬೇಗ ತುಂಬುತ್ತೆ, ತುಂಬಾ ಹೊತ್ತು ಹಸಿವೇ ಆಗಲ್ಲ, ನೋಡ್ತಿರಿ" ಎಂದಳು. ಇನ್ನೊಂದು ಪುಸ್ತಕವನ್ನೂ ಕೊಟ್ಟಿದ್ದಾಳೆ. ಏನು ತಿಂದೆ, ಎಷ್ಟು ಹೊತ್ತಿಗೆ ಹಸಿವಾಯಿತು, ಹಸಿವಿಗೆ ಹತ್ತಕ್ಕೆ ಎಷ್ಟು ಅಂಕ, ಎಲ್ಲ ಬರೆಯಬೇಕಂತೆ.

ಆ ಪುಸ್ತಕ ಅವಳಿಗೆ. ಇದು ಮಗಳು ಹಾಸ್ಟೆಲಿಗೆ ಹೋಗುವಾಗ ಅರ್ಧ ಬರೆದು ಬಿಟ್ಟುಹೋದ ಗಣಿತದ ನೋಟ್‌ಬುಕ್, ಇದು ನನಗೆ.

ಆಗಸ್ಟ್ 7, ಗುರುವಾರ

ಬೆಳಿಗ್ಗೆ ಆರಕ್ಕೆ ಎರಡು ಮೊಟ್ಟೆ. ಎಂಟಕ್ಕೆ ಹಸಿವು. ಎಂಟೂವರೆಗೆ ಡೈರಿಯಲ್ಲಿ ಹಾಲು ಅಳೆಯುತ್ತಿರುವಾಗ ಹೊಟ್ಟೆ ಎಷ್ಟು ಜೋರಾಗಿ ಗುಡುಗಿತು ಎಂದರೆ ಸಾಲಿನಲ್ಲಿದ್ದ ಮಾದಯ್ಯ ಕ್ಯಾನು ಕೆಳಗಿಟ್ಟು, "ಏನ್ ಸೆಕ್ರೆಟ್ರಮ್ಮ, ಮಿಸೀನು ಕೆಟ್ಟೋಯ್ತಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹನ್ನೆರಡು ವರ್ಷದಿಂದ ಈ ಡೈರಿಯ ಕಾರ್ಯದರ್ಶಿ ನಾನು, ಇಂಥ ಮಾತಿಗೆಲ್ಲ ಎದುರು ಮಾತು ಕೊಡುವವಳು. ಇವತ್ತು ತಲೆ ಬಗ್ಗಿಸಿ ಹಾಲು ಅಳೆದೆ.

ಸಂಜೆ ದೀಪಿಕ, "ಅಕ್ಕ, ನಂಗಂತೂ ಮೊಟ್ಟೆ ತಿಂದ್ರೆ ಮಧ್ಯಾಹ್ನದ ಡಬ್ಬಿನೇ ಬೇಡ ಅನ್ನಿಸ್ತದೆ, ನಿಮಗೆ?" ಎಂದಳು. "ನನಗೂ ಹಂಗೇ" ಎಂದೆ. ಶೋಭಿತಾಳ ಪುಸ್ತಕದಲ್ಲಿ ಹಸಿವು ಎರಡು ಎಂದು ಬರೆದೆ. ನಿಜವಾದದ್ದು ಒಂಬತ್ತು.

ಅದೇ ಮೊಟ್ಟೆ, ಅದೇ ಎರಡು. ಅವಳಿಗೆ ಸಾಕಾದದ್ದು ನನಗೆ ಸಾಲದು ಅಂದರೆ ತಪ್ಪು ನನ್ನದೇ ಇರಬೇಕು. ಆಸೆಬುರುಕಿ ನಾನು. ಬೀಗರ ಔತಣದ ದಿನವೇ ಯಾರೋ ಅಂದಿದ್ದರಲ್ಲ, "ಎಣ್ಣು ಚೆನ್ನಾಗುಣ್ತದೆ" ಎಂದು. ನನ್ನಮ್ಮ ಪಂಕ್ತಿಯ ಹಿಂದಿನಿಂದ ಬಂದು ತೋಳು ಚಿವುಟಿದ್ದಳು. ಅವತ್ತಿನಿಂದ ಇಪ್ಪತ್ತೊಂದು ವರ್ಷ, ಈ ಮನೆಯಲ್ಲಿ ಯಾರ ಎದುರೂ ನಾನು ಹೊಟ್ಟೆ ತುಂಬ ಉಂಡಿಲ್ಲ. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುವುದು. ಎಷ್ಟು ಉಣ್ಣುತ್ತೇನೆ ಎಂದು ಗಂಡನಿಗೂ ಗೊತ್ತಿಲ್ಲ. ಈಗ ಚೀಟಿ ಗೋಡೆಗೆ ಅಂಟಿಸಿದ ಮೇಲೆ ಅದಕ್ಕೂ ಕಲ್ಲು ಬಿತ್ತು.

ಆಗಸ್ಟ್ 12, ಮಂಗಳವಾರ

ಕದ್ದು ತಿಂದೆ. ಬರೆದುಬಿಡುತ್ತೇನೆ, ಇಲ್ಲಿ ಯಾರಿದ್ದಾರೆ?

ಮಧ್ಯಾಹ್ನದ ಮುದ್ದೆ ನಮ್ಮತ್ತೆಯದು. ಬೆಟ್ಟಮ್ಮ ಅಂತ, ಎಪ್ಪತ್ತನಾಲ್ಕು ವರ್ಷ, ಈಗಲೂ ಕೋಲು ಹಿಡಿದು ಹಿಟ್ಟು ತಿರುವಿದರೆ ಒಂದು ಗಂಟಿರುವುದಿಲ್ಲ. ಗಂಡಸರಿಬ್ಬರಿಗೆ ಎರಡೆರಡು, ತಮಗೊಂದು, ಐದು ದೊಡ್ಡ ಮುದ್ದೆ ಕಟ್ಟಿ ಹಾಟ್‌ಬಾಕ್ಸಿಗೆ ಹಾಕುತ್ತಾರೆ. ನನ್ನದು ಪುಟಾಣಿಯದೊಂದು ಪಕ್ಕದಲ್ಲಿ. ಅವರು ದನಕ್ಕೆ ನೀರಿಡಲು ಹೋದಾಗ ಮುಚ್ಚಳ ತೆಗೆದೆ. ನಿಂತೇ ತಿಂದೆ. ಮುದ್ದೆಗೆ ಅಗಿಯುವ ಕೆಲಸ ಇಲ್ಲವಲ್ಲ, ಸಾರಿನಲ್ಲಿ ಅದ್ದಿ ನುಂಗಿದರೆ ಸದ್ದೂ ಇಲ್ಲ. ಎರಡು ನಿಮಿಷ ಆಗಲಿಲ್ಲ.

ಇವರು ಬಂದು ಕೂತರು. ಅತ್ತೆ ಮುಚ್ಚಳ ತೆಗೆದು, "ಅಯ್ಯೋ, ಐದು ಕಟ್ಟಿದ್ದೆ, ನಾಕೇ ಅವೆ!" ಎಂದರು.

"ನೀನೇ ಒಂದ ಉಂಡ್ಬುಟ್ಟು ಮರ್ತಿದ್ದೀಯೇನೋ ಬುಡವ್ವ" ಎಂದು ಇವರು ನಕ್ಕರು.

ನಾನು ಪಾತ್ರೆ ತೊಳೆಯುತ್ತಿದ್ದೆ. ನಾನೂ ನಕ್ಕೆ. ಆ ನಗು ಯಾಕೆ ಬಂತೋ ಗೊತ್ತಿಲ್ಲ, ಅದನ್ನು ನೆನೆದರೆ ಮುದ್ದೆ ತಿಂದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಆಗಸ್ಟ್ 20, ಬುಧವಾರ

ಮೊನ್ನೆ ಒಂದು. ಇವತ್ತು ಒಂದು. ಬೆಳಿಗ್ಗೆ ಪನೀರು ತಿಂದರೂ ಅಷ್ಟೇ.

ಆಗಸ್ಟ್ 29, ಶುಕ್ರವಾರ

ಮಂಡ್ಯ. ದೀಪಿಕ ಎರಡೂವರೆ ಕೆ.ಜಿ. ಇಳಿದಿದ್ದಾಳೆ. ನಾನು ನಾನೂರು ಗ್ರಾಮ್ ಏರಿದ್ದೇನೆ. ಗೌರಿ ಹಬ್ಬದ ಕಡುಬು ಅಂತ ದೀಪಿಕ ನನ್ನ ಪರವಾಗಿ ಹೇಳಿದಳು, ಪಾಪ. ಶೋಭಿತಾ ನನ್ನ ಪುಸ್ತಕ ತಿರುವಿ ಹಾಕಿದಳು. ಹಸಿವು ಎರಡು, ಹಸಿವು ಮೂರು, ಹಸಿವು ಎರಡು. "ಎಲ್ಲಾ ಸರಿಯಾಗೇ ಇದೆಯಲ್ಲ ಮೇಡಂ. ಹಸಿವೂ ಇಲ್ಲ. ಥೈರಾಯ್ಡ್ ಒಂದು ಟೆಸ್ಟ್ ಮಾಡಿಸೋಣ್ವಾ?" ಎಂದಳು. ನನ್ನ ಕೈಯಿಂದ ರಕ್ತ ತೆಗೆದರು. ಸುಳ್ಳು ಹೇಳಿದ್ದಕ್ಕೆ ಸೂಜಿ ಚುಚ್ಚಿಸಿಕೊಂಡ ಮೊದಲ ಹೆಂಗಸು ನಾನೇ ಇರಬೇಕು.

ಬಸ್ಸಿನಲ್ಲಿ ದೀಪಿಕ ಮದ್ದೂರು ಬರುವಷ್ಟರಲ್ಲಿ ನಿದ್ದೆ ಹೋದಳು. ಬಸ್ ಸ್ಟಾಂಡಿನಲ್ಲಿ ಕಿಟಕಿಗೆ ವಡೆ ಬಂತು. ಎರಡು ತಗೊಂಡು, ಅವಳು ಏಳುವ ಮೊದಲು ತಿಂದು, ಪೇಪರನ್ನು ಉಂಡೆ ಮಾಡಿ ಹೊರಗೆ ಎಸೆದೆ. ಬಿಸಿಗೆ ನಾಲಿಗೆ ಸುಟ್ಟಿತು. ಉಫ್ ಎನ್ನುವಂತೆಯೂ ಇರಲಿಲ್ಲ.

ಸೆಪ್ಟೆಂಬರ್ 6, ಶನಿವಾರ

ಮೂರು ದಿನದಿಂದ ಕದ್ದಿಲ್ಲ. ಯಾಕೋ ಗೊತ್ತಿಲ್ಲ. ಮೊಟ್ಟೆ ಖಾಲಿಯಾಗಿತ್ತು, ತರಲು ಯಾರೂ ಹೋಗಲಿಲ್ಲ. ಅತ್ತೆ ಬುಧವಾರ ಹುರುಳಿಕಾಳು ಬಸ್ಸಾರು ಮಾಡಿದ್ದರು, ಕಾಳಿನ ಪಲ್ಯ ರಾಶಿ ಉಳಿದಿತ್ತು. ನಿನ್ನೆ ಅವರೆಕಾಳು, ದಂಟಿನ ಸೊಪ್ಪು. ಬೆಳಿಗ್ಗೆಯೂ ಅದನ್ನೇ ಒಂದು ತಟ್ಟೆ ತುಂಬ ತಿಂದು ಡೈರಿಗೆ ಹೋದೆ, ಮಧ್ಯಾಹ್ನ ಒಂದೂವರೆ ತನಕ ಹೊಟ್ಟೆಯ ನೆನಪೇ ಬರಲಿಲ್ಲ. ಡೈರಿಯಲ್ಲಿ ಕೆಲಸ ಜಾಸ್ತಿ ಇತ್ತು, ಅದಕ್ಕೇ ಇರಬೇಕು.

ಮಾದಯ್ಯ ಇವತ್ತು ತಕರಾರು ತೆಗೆದ. ಒಂದೇ ಕೊಟ್ಟಿಗೆಯ ಎರಡು ಹಸು, ಒಂದೇ ಹುಲ್ಲು, ಒಂದೇ ಬೂಸಾ, ಒಂದರ ಹಾಲಿಗೆ ಜಿಡ್ಡು ನಾಲ್ಕು ಪಾಯಿಂಟು, ಇನ್ನೊಂದಕ್ಕೆ ಮೂರೂಕಾಲು. ಯಂತ್ರ ಸರಿಯಿಲ್ಲ ಅಂತ ಅವನ ವಾದ. "ಯಂತ್ರ ಸರಿ ಇದೆ ಮಾದಯ್ಯ, ಹಸು ಹಸುವಿಗೆ ಮೈಗುಣ ಬೇರೆ. ಅದಕ್ಕೆ ಹಸುವನ್ನ ಬೈದು ಏನು ಮಾಡ್ತೀಯ?" ಎಂದೆ. ತಲೆ ಕೆರೆದುಕೊಂಡು ಹೋದ.

ಸಂಜೆ ಅತ್ತೆ ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಗಳ ಹತ್ತಿರ ಮಾತಾಡುತ್ತಾ ನಿಂತರು, ಹಾಲು ಉಕ್ಕಿತು. ನನ್ನ ಕೈಲೇ ವಾರಕ್ಕೆರಡು ಸಲ ಉಕ್ಕುತ್ತದೆ. ಆದರೆ ನಮ್ಮ ಯಜಮಾನರು ಯತೀಶನ ಮುಖ ನೋಡಿದರು. ಯತೀಶ ಫೋನಿನಲ್ಲಿ ಏನೋ ಹುಡುಕಿ, "ಮುದ್ದೆ ಮರೆಯೋದು, ಹಾಲು ಮರೆಯೋದು... ಇದು ಮರೆವಿನ ಕಾಯಿಲೆ ಕಣಣ್ಣ. ತಿಂದಿದ್ದೇ ಮರ್ತೋಯ್ತದಂತೆ, ಮತ್ತೆ ಮತ್ತೆ ತಿಂತಾರಂತೆ" ಎಂದು ಓದಿ ಹೇಳಿದ.

ನಾನು ಆಗಲೇ ಹೇಳಬಹುದಿತ್ತು. ಬಾಯಿ ಕೂಡ ತೆರೆದೆ. "ಕಾಫಿ ಬೇಕಾ?" ಎಂದು ಕೇಳಿದೆ.

ಸೆಪ್ಟೆಂಬರ್ 14, ಭಾನುವಾರ

ಮೊಟ್ಟೆ ಬಂತು, ಚೀಟಿ ಮತ್ತೆ ಶುರುವಾಯಿತು, ಕಳ್ಳತನವೂ. ಈ ವಾರ ನಾಲ್ಕು ಸಲ.

ಇವತ್ತು ಎಲ್ಲರ ಎದುರು ಇವರು ಅತ್ತೆಯ ಹತ್ತಿರ ಉಗ್ರಾಣದ ಕೀ ಕೇಳಿ ಇಸಿದುಕೊಂಡರು. "ಇನ್ಮೇಲೆ ಒಲೆ ತಾವ ಓಗ್‌ಬೇಡ ಕಣವ್ವ. ಎಲ್ಲಾನು ರೂಪ ನೋಡ್ಕತಾಳೆ." ಅತ್ತೆ ಮೊದಲು ಜಗಳಕ್ಕೇ ನಿಂತರು. "ನಾ ಎಣಿಸ್ದೆ ಕಣ್ಲಾ! ಕೈಲಿ ಕಟ್ಟಿದ ಮುದ್ದೆ ನಂಗೆ ಲೆಕ್ಕ ತಪ್ಪೀತಾ? ಮದ್ವೆಯಾಗಿ ಬಂದಾಗ ಇಪ್ಪತ್ತು ಆಳಿಗೆ ಕಟ್ಟಾಕ್ತಿದ್ದೆ ನಾನು!" ಇವರು ಸುಮ್ಮನೆ ಕೈಚಾಚಿಕೊಂಡೇ ಇದ್ದರು. ಕೊನೆಗೆ ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಬಿಚ್ಚಲು ತುಂಬ ಹೊತ್ತಾಯಿತು.

ಆ ಕೀಯನ್ನು ಇವರು ನನ್ನ ಕೈಗೆ ಹಾಕಿದರು. ಕದ್ದವಳ ಕೈಗೆ! ನಾನು ಸೆರಗಿಗೆ ಕಟ್ಟಿಕೊಂಡೆ.

ಸೆಪ್ಟೆಂಬರ್ 21, ಭಾನುವಾರ

ಇದನ್ನು ಬರೆಯಬಾರದು. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಇವತ್ತು ಪಿತೃಪಕ್ಷದ ಅಮಾವಾಸ್ಯೆ, ಮಾವನಿಗೆ ಎಡೆ. ನಿಂಗಯ್ಯ ಅಂತ ಅವರ ಹೆಸರು, ಹೋಗಿ ಆರು ವರ್ಷ. ನಮ್ಮಲ್ಲಿ ಈ ದಿನ ಎಡೆ ಇಟ್ಟು ಬಾಗಿಲು ಹಾಕಿ, ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಕೂರುವುದು. ಅವರದ್ದು ಆಗುವ ತನಕ ಮನೆಯವರು ತುತ್ತು ಮುಟ್ಟುವಂತಿಲ್ಲ. ನಡುಮನೆಯಲ್ಲಿ ಫೋಟೋದ ಮುಂದೆ ಬಾಳೆ ಎಲೆ. ಅತ್ತೆ ಅಡುಗೆಮನೆಗೆ ಬರಬಾರದು ಎಂದರೂ ಎಡೆಯನ್ನು ಮಾತ್ರ ತಾವೇ ಬಡಿಸುತ್ತೇನೆಂದು ಹಟ ಹಿಡಿದರು. ಕುರಿ ಸಾರು, ಕೋಳಿ ಹುರಿದದ್ದು, ಇಡ್ಲಿ, ಕಜ್ಜಾಯ, ಮುದ್ದೆ, ಒಂದು ಕಟ್ಟು ಬೀಡಿ, ಹೊಸ ಪಂಚೆ. ನಾನು ಐದು ಗಂಟೆಗೆ ಎದ್ದು ಆ ಅಡುಗೆಯ ವಾಸನೆಯಲ್ಲೇ ಮಧ್ಯಾಹ್ನದ ಎರಡು ಗಂಟೆ ತನಕ ನಿಂತಿದ್ದೆ. ಹಿಂದಿನ ರಾತ್ರಿ ಒಂದು ಚಪಾತಿ ತಿಂದದ್ದು.

ಧೂಪ ಹಾಕಿ, ಕೈಮುಗಿದು, ಮುಂಬಾಗಿಲು ಎಳೆದುಕೊಂಡು ಎಲ್ಲರೂ ಜಗುಲಿಗೆ ಬಂದೆವು. ಕರ್ಪೂರ ಮುಗಿದಿದೆ, ಪಕ್ಕದ ಮನೆ ಇಂದ್ರಮ್ಮನ ಹತ್ತಿರ ಇಸಿದುಕೊಂಡು ಬಾ ಎಂದು ಇವರು ನನ್ನನ್ನು ಕಳಿಸಿದರು. ಇಸಿದುಕೊಂಡು ಹಿತ್ತಲ ಕಡೆಯಿಂದ ಬಂದೆ. ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಯಾರೂ ಇರಲಿಲ್ಲ. ಮಾವ ಮಾತ್ರ ಫೋಟೋದಲ್ಲಿ.

ನಾನು ಎಲೆಯ ಮುಂದೆ ಕೂತು ಉಂಡೆ. ಮುದ್ದೆ, ಸಾರು, ತುಂಡುಗಳು. ಸತ್ತವರ ಎಲೆಯಿಂದ. ಎಲ್ಲವನ್ನೂ ಬರೆಯಲು ಕೈ ಬರುತ್ತಿಲ್ಲ.

ಕೈ ಸೀರೆಗೆ ಒರೆಸಿಕೊಂಡು, ಹಿಂಬಾಗಿಲಿಂದಲೇ ಹೋಗಿ, ಬೀದಿ ಸುತ್ತಿ ಜಗುಲಿಗೆ ಬಂದು ಕರ್ಪೂರ ಕೊಟ್ಟೆ. ಬಾಗಿಲು ತೆಗೆದರು. ಎಲೆ ಅರ್ಧ ಬರಿದಾಗಿತ್ತು. ದೀಪಿಕ, "ಅಯ್ಯೋ, ಮಾವ ನಿಜವಾಗ್ಲೂ ಬಂದಿದ್ರಾ?" ಎಂದು ಗಂಡನ ತೋಳು ಹಿಡಿದುಕೊಂಡಳು. ಆಮೇಲೆ ಯತೀಶ ಕೇಳಿದ, "ಅವ್ವ, ಆಗ್ಲೆ ನೀ ಇತ್ಲಿಗೆ ಓಗಿದ್ದೆ ಅಲ್ವಾ?"

ಹೌದು, ಅತ್ತೆ ಕೈಕಾಲು ತೊಳೆಯಲು ನಡುವೆ ಹಿತ್ತಲಿನ ಬಚ್ಚಲಿಗೆ ಹೋಗಿ ಬಂದಿದ್ದರಂತೆ. ಎಲ್ಲರೂ ಅವರ ಕಡೆ ತಿರುಗಿದರು.

"ಎಡೆ ಮುಟ್‌ಬುಟ್ಯಲ್ಲವ್ವ!" ಎಂದು ಇವರು ಕೂಗಿದರು. ಇಪ್ಪತ್ತೊಂದು ವರ್ಷದಲ್ಲಿ ಇವರು ತಾಯಿಗೆ ಹಾಗೆ ಕೂಗಿದ್ದು ಕಂಡಿರಲಿಲ್ಲ. "ಅಪ್ಪನ್ ಎಡೆನೂ ಬುಡ್ಲಿಲ್ವಲ್ಲ!"

ಅತ್ತೆ, "ನಾನಾ?" ಎಂದರು. ಎಲೆಯನ್ನೂ ತಮ್ಮ ಕೈಯನ್ನೂ ನೋಡಿಕೊಂಡರು. ಕೈಯನ್ನು ಮೂಸಿ ನೋಡಿಕೊಂಡರು. ಸಾರು ಬಡಿಸಿದ ಕೈ, ವಾಸನೆ ಇದ್ದೇ ಇತ್ತು. ಆಮೇಲೆ ಸಣ್ಣ ದನಿಯಲ್ಲಿ, "ಇದ್ರೂ ಇರ್ಬೋದು ಕಣಪ್ಪ" ಎಂದರು.

ನಾನು ಕರ್ಪೂರ ಹಚ್ಚಿದೆ.

ಸೆಪ್ಟೆಂಬರ್ 22, ಸೋಮವಾರ

ಏನೂ ತಿನ್ನಲಿಲ್ಲ. ಹಸಿವೂ ಆಗಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಸೋಮವಾರಕ್ಕೆ ಮಂಡ್ಯದಲ್ಲಿ ನರದ ಡಾಕ್ಟರ ಹತ್ತಿರ ಅತ್ತೆಯನ್ನು ತೋರಿಸುವುದಂತೆ.

ಮಧ್ಯಾಹ್ನ ಡೈರಿಯ ಲೆಕ್ಕ ಬರೆಯುತ್ತಾ ಕೂತಿದ್ದೆ. ನಡುಮನೆಯಲ್ಲಿ ಅತ್ತೆಯ ದನಿ ಕೇಳಿತು. ಫೋಟೋದ ಮುಂದೆ ನಿಂತಿದ್ದರು. "ತಪ್ಪಾಯ್ತು. ನಂಗೆ ಗ್ಯಾನ ಇರ್ನಿಲ್ಲ. ನಿಮ್ಮನ್ನ ಅಸ್ಕೊಂಡು ಕಳಿಸ್‌ಬುಟ್ಟೆ. ಬರೋ ವರ್ಸ ನಾ ಇದ್ರೆ ದೂರ ಕೂತ್ಕತೀನಿ, ಬಾಗ್ಲು ತಾವ್ಕೂ ಬರಕಿಲ್ಲ." ಗಂಡ ಬದುಕಿದ್ದಾಗ ಒಂದು ದಿನ ತಪ್ಪಾಯ್ತು ಅಂದವರಲ್ಲ ಅತ್ತೆ. ಮಾತಿಗೆ ಮಾತು ಕೊಟ್ಟು ಸಂಸಾರ ಮಾಡಿದವರು.

ನಾನು ಪೆನ್ನು ಹಿಡಿದುಕೊಂಡು ಹಾಗೇ ಕೂತಿದ್ದೆ. ಎದ್ದು ಹೋಗಿ ಕಾಲು ಹಿಡಿದುಕೊಳ್ಳಬೇಕಿತ್ತು. ಕಾಲು ಹಿಡಿದರೆ ಯಾಕೆ ಎಂದು ಹೇಳಬೇಕಲ್ಲ.

ಸಂಜೆ ಅವರೇ ನನ್ನ ಪಕ್ಕ ಬಂದು ಕೂತರು. "ಕೂಸೇ, ನೀ ಏನ್ ತಿಂದೆ ಅಂತ ಪುಸ್ತುಕ್ದಲ್ಲಿ ಬರ್ಕತೀಯಲ್ಲ, ನಂದೂ ಬರಿ. ಯಾವೊತ್ನಲ್ಲಿ ಏನುಂಡೆ ಅಂತ. ನಂಗೆ ನನ್ ಮೇಲೆ ನಂಬ್ಕೆ ಓಯ್ತು" ಎಂದರು.

ಬರೆದಿದ್ದೇನೆ. ಅತ್ತೆ: ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಬೇಡ ಅಂದರು.

ಸೆಪ್ಟೆಂಬರ್ 28, ಭಾನುವಾರ

ಹೇಳಿದೆ. ಕೊನೆಗೂ ಹೇಳಿದೆ, ಬೆಳಿಗ್ಗೆ, ಡೈರಿಯಿಂದ ಬಂದ ತಕ್ಷಣ, ಧೈರ್ಯ ಆರುವ ಮುಂಚೆ. "ರೀ, ಮುದ್ದೆ ತಿಂದದ್ದು ಅತ್ತೆ ಅಲ್ಲ, ನಾನು. ಎಡೆಯನ್ನೂ ನಾನೇ."

ಇವರು ಹಲ್ಲುಜ್ಜುತ್ತಿದ್ದವರು ಉಗಿದು ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದು ಕಾದೆ. ಇವರ ಕಣ್ಣಲ್ಲಿ ನೀರು ಬಂತು! "ಲೇ, ಸುಮ್ಕಿರಮ್ಮಿ. ಅವ್ವನ್ನ ಆಸ್ಪತ್ರೆಗೆ ಕರ್ಕಂಡೋಗ್‌ಬಾರ್ದು ಅಂತ ಹಿಂಗ್ ಯೋಳ್ತಿದ್ದೀಯಾ ಅಂತ ನಂಗ್ ಗೊತ್ತಿಲ್ವಾ? ಎಡೆ ಮುಟ್ಟೋ ಎಂಗ್ಸಾ ನೀನು?"

"ನಿಜವಾಗ್ಲೂ ನಾನೇ ರೀ."

"ನೀನು ಒಂದು ನಿಂಬೆಣ್ಣಿನಷ್ಟು ತಿನ್ನೋಳು. ನಾ ದಿನಾ ನೋಡಕಿಲ್ವಾ?"

ದೀಪಿಕಳೂ ನಂಬಲಿಲ್ಲ. ನನ್ನ ಕೈ ಹಿಡಿದು, "ಅಕ್ಕ, ನಿಮ್ಮಂಥೋರು ಎಲ್ಲೂ ಸಿಗಲ್ಲ" ಎಂದಳು. ಸಂಜೆ ಹಾಲಿನ ಹೊತ್ತಿಗೆ ಇಂದ್ರಮ್ಮ ಕ್ಯಾನು ಹಿಡಿದು ಬಂದವಳು ಸಾಲಿನಲ್ಲೇ, "ಅತ್ತೆ ತಪ್ಪ ತನ್ನ ಮೈಮೇಲೆ ಆಕಂಡ್ಳಂತೆ, ಸೊಸೆ ಅಂದ್ರೆ ಇವ್ಳು ಕಣಮ್ಮ!" ಎಂದು ಎಲ್ಲರಿಗೂ ಹೇಳಿದಳು. ಇವರೇ ಹೇಳಿರಬೇಕು. ಆರು ಜನ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಬೆತ್ತಲೆ ನಿಲ್ಲಿಸಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಇಪ್ಪತ್ತೊಂದು ವರ್ಷ ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೇನೆ ಎಂದಾಯಿತು. ನಾನು ಉಣ್ಣುವವಳು ಎಂದರೆ ನಂಬುವವರಿಲ್ಲ.

ಸೆಪ್ಟೆಂಬರ್ 29, ಸೋಮವಾರ

ನರದ ಡಾಕ್ಟರು ಅತ್ತೆಯನ್ನು ಇವತ್ತು ಯಾವ ವಾರ, ಯಾವ ತಿಂಗಳು ಎಂದು ಕೇಳಿದರು. ಸರಿಯಾಗಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಶಾಲೆಯ ಮೆಟ್ಟಿಲು ಹತ್ತದ ಅತ್ತೆ, "ತೊಂಬತ್ಮೂರು" ಎಂದು ಮುಂದೆ ಹೋಗಲಾಗದೆ ನನ್ನ ಕಡೆ ನೋಡಿದರು. ನನಗೇ ಬರುವುದಿಲ್ಲ ಅದು. ಎಡೆ ತಿಂದ ವಿಷಯವನ್ನು ಇವರು ವಿವರವಾಗಿ ಹೇಳಿದರು. ಡಾಕ್ಟರು ತಲೆಯ ಸ್ಕ್ಯಾನ್ ಬರೆದುಕೊಟ್ಟರು. ಮುಂದಿನ ಸೋಮವಾರ ಸ್ಕ್ಯಾನ್. ಅತ್ತೆ ಹೊರಗೆ ಬಂದು ಬೆಂಚಿನ ಮೇಲೆ ಕೂತವರು ಎಷ್ಟು ಚಿಕ್ಕದಾಗಿ ಕಂಡರು!

ಅವರಿಗೆ ಎಳನೀರು ಕೊಡಿಸಲು ಇವರು ಹೋದಾಗ ನಾನು ಎರಡು ರಸ್ತೆ ಆಚೆ ಶೋಭಿತಾಳ ಹತ್ತಿರ ಓಡಿದೆ. ಈ ನೋಟ್‌ಬುಕ್ ಚೀಲದಲ್ಲಿತ್ತು. ಮೊದಲಿಂದ ಸೆಪ್ಟೆಂಬರ್ ಹದಿನಾಲ್ಕರ ತನಕದ ಹಾಳೆಗಳನ್ನು ಮಾತ್ರ ತೆರೆದು ಅವಳ ಮುಂದೆ ಇಟ್ಟು, ಉಳಿದದ್ದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡೆ. ಓದುತ್ತಾ ಓದುತ್ತಾ ಅವಳ ಮುಖ ಕೆಂಪಾಯಿತು. "ಇದನ್ನೇ ಮೇಡಂ ನಾನು ಕೇಳಿದ್ದು" ಎಂದಳು. ಆಮೇಲೆ, "ತಪ್ಪು ನಂದೂ ಇದೆ. ಇಬ್ಬರಿಗೂ ಒಂದೇ ಚಾರ್ಟ್ ಕೊಟ್ಟುಬಿಟ್ಟೆ" ಎಂದು, ಸೆಪ್ಟೆಂಬರ್ ಆರರ ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡಿ, ಹುರುಳಿಕಾಳು, ಅವರೆಕಾಳು, ಸೊಪ್ಪು ತಿಂದ ಮೂರು ದಿನವೂ ನಿಮಗೆ ಹಸಿವಾಗಿಲ್ಲ. ಮೊಟ್ಟೆ, ಪನೀರು ಅಂದ್ರೆ ಎರಡೇ ಗಂಟೆ. ದೀಪಿಕ ಅವರಿಗೆ ಮೊಟ್ಟೆ ನಿಲ್ಲುತ್ತೆ. ನಿಮಗೆ ಹೊಟ್ಟೆಯಲ್ಲಿ ಗಾತ್ರ ಬೇಕು, ನಾರು ಬೇಕು. ಒಬ್ಬೊಬ್ಬರ ಮೈ ಒಂದೊಂದು ಥರ."

"ಅಂದ್ರೆ ನಾನು ಆಸೆಬುರುಕಿ ಅಲ್ವಾ?" ಎಂದು ಕೇಳಿದೆ. ಎಂಥ ಮಾತು ಕೇಳಿದೆನೋ, ಆ ಹುಡುಗಿಯನ್ನು.

"ಹಸಿದಿದ್ರಿ ಅಷ್ಟೇ" ಎಂದಳು. ನಿಂಬೆಗಾತ್ರದ್ದನ್ನು ಹೊಡೆದು ಹಾಕಿ, ಒಂದು ಮುದ್ದೆ, ಎರಡು ಬಟ್ಟಲು ಕಾಳು, ಸೊಪ್ಪು ಎಷ್ಟಾದರೂ ಎಂದು ಬರೆದಳು. ಶುಗರ್ ವಾರಕ್ಕೊಮ್ಮೆ ನೋಡುತ್ತಾ ಹೋಗೋಣ ಎಂದಳು.

ಸಂತೋಷವಾಗಬೇಕಿತ್ತು. ಹಿಂದಕ್ಕೆ ಬರುತ್ತಾ ರಸ್ತೆಯಲ್ಲೇ ಅತ್ತೆ ಕಂಡರು, ಎಳನೀರನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಕುಡಿಯಲೋ ಬೇಡವೋ ಎಂದು ಮಗನನ್ನು ಕೇಳುತ್ತಿದ್ದರು.

ಅಕ್ಟೋಬರ್ 5, ಭಾನುವಾರ

ನಾಳೆ ಸ್ಕ್ಯಾನ್. ಇವತ್ತು ಎಲ್ಲರೂ ಮನೆಯಲ್ಲಿದ್ದರು.

ಒಂಬತ್ತು ಮುದ್ದೆ ಕಟ್ಟಿದೆ, ಎಲ್ಲ ದೊಡ್ಡವು. ಹುರುಳಿಕಾಳು ಬಸ್ಸಾರು. ಗಂಡಸರಿಗೆ ಬಡಿಸಿದೆ, ಅತ್ತೆಗೆ, ದೀಪಿಕಳಿಗೆ ಬಡಿಸಿದೆ. ಆಮೇಲೆ ನನ್ನ ತಟ್ಟೆಯನ್ನೂ ತಂದು ನಡುಮನೆಯಲ್ಲಿ, ಎಲ್ಲರ ಎದುರಿಗೆ ಕೂತೆ. ಅಷ್ಟಕ್ಕೇ ಇವರು ತಲೆ ಎತ್ತಿದರು. ಒಂದು ಮುದ್ದೆ ಉಂಡೆ. ಎದ್ದು ಹೋಗಿ ಎರಡನೆಯದನ್ನು ಹಾಕಿಕೊಂಡು ಬಂದೆ. ಅದೂ ಮುಗಿಯಿತು. ಮೂರನೆಯದನ್ನು ತಟ್ಟೆಗೆ ಹಾಕಿಕೊಂಡಾಗ ಯತೀಶ ಉಣ್ಣುವುದನ್ನು ನಿಲ್ಲಿಸಿದ. ದೀಪಿಕಳ ಬಾಯಿ ತೆರೆದೇ ಇತ್ತು. ಕಿವಿ, ಕುತ್ತಿಗೆ ಎಲ್ಲ ಸುಡುತ್ತಿತ್ತು ನನಗೆ. ಆದರೂ ನಿಧಾನವಾಗಿ ಉಂಡೆ, ಎರಡು ನಿಮಿಷದಲ್ಲಿ ನುಂಗಲಿಲ್ಲ.

"ನಾನು ಉಣ್ಣೋದು ಇಷ್ಟು" ಎಂದೆ. "ಮದುವೆಯಾದಾಗಿಂದ ಇಷ್ಟೇ. ಚೀಟಿ ಬಂದ ಮೇಲೆ ತಡೆಯೋಕಾಗದೆ ಹಾಟ್‌ಬಾಕ್ಸಿಂದ ಕದ್ದೆ. ಎಡೆಯನ್ನೂ ನಾನೇ ತಿಂದೆ."

ಇವರು, "ಮತ್ತದೇ ಸುರು ಮಾಡ್‌ಬೇಡ..." ಎಂದು ಶುರುಮಾಡಿದರು, ದನಿಯಲ್ಲಿ ಮೊದಲಿನ ಬಲ ಇರಲಿಲ್ಲ.

ನಾನು ಅತ್ತೆಯನ್ನೇ ನೋಡಿದೆ. "ಅತ್ತೆ, ಎಡೆಯ ಮುದ್ದೆ ಎತ್ತಿದಾಗ ಅದರ ಕೆಳಗೆ ಈಲಿಯ ಚೂರು ಇತ್ತು. ಮೂರು ಚೂರು. ನೀವು ಬಚ್ಚಿಟ್ಟಿದ್ದಿರಿ. ನಾನು ಅದನ್ನೂ ತಿಂದೆ." ಇದನ್ನು ಅವತ್ತು ಇಲ್ಲಿ ಬರೆಯಲು ಕೈ ಬಂದಿರಲಿಲ್ಲ. ಮಾವನಿಗೆ ಕುರಿಯ ಈಲಿ, ಅಂದರೆ ಲಿವರ್, ಇಷ್ಟ ಎಂದು ಅತ್ತೆ ಯಾರಿಗೂ ಕಾಣದ ಹಾಗೆ ಮುದ್ದೆಯ ಅಡಿಯಲ್ಲಿಟ್ಟ ಚೂರುಗಳು ಅವು. ಇಟ್ಟವರಿಗೆ, ತಿಂದವರಿಗೆ ಬಿಟ್ಟು ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ.

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಮುಂಡೇದೆ, ನೀನಾ?" ಎಂದರು.

ಆಮೇಲೆ ಶುರುವಾಯಿತು. "ಅವತ್ತು ನಾ ಬಚ್ಲಿಗೆ ಓಗಿ ಕೈ ತೊಳ್ಕಂಡು, ಸೀಗೆಕಾಯಿ ಡಬ್ಬ ಬಿದ್ದಿತ್ತು ಅಂತ ಎತ್ತಿಟ್ಟು, ನೆಟ್ಗೆ ಜಗ್ಲಿಗ್ ಬಂದೆ! ಮೊದಲ್ನೆ ಕಿತ ಮುದ್ದೆ ಕಾಣೆಯಾದಾಗ ಮರಿಸಿದ್ದಯ್ಯ ಕುಡ್ಲು ಕೇಳ್ಕಂಡ್ ಬಂದು ಕೊಟ್ಗೆ ತಾವ ನಿಂತಿದ್ದ, ಅವ್ನತ್ರ ಮಾತಾಡ್ತಿದ್ದೆ! ಅದಾದ ಸೋಮಾರ ಕರ ಅಗ್ಗ ಕಿತ್ಕಂಡಿತ್ತು! ಎಲ್ಲಾ ಗ್ಯಾಪ್ಕ ಐತೆ ನಂಗೆ, ಎಲ್ಲಾ!" ಮಗನ ಕಡೆ ತಿರುಗಿ, "ಬರ್ಕೋ ಬೇಕಾದ್ರೆ, ಓಗಿ ಆ ಡಾಕ್ಟ್ರಿಗ್ ತೋರ್ಸು!" ಎಂದರು. ಕೂಗುತ್ತಾ ಅಳುತ್ತಿದ್ದರು, ಅಳುತ್ತಾ ದಿನ ದಿನದ್ದೂ ಹೇಳುತ್ತಿದ್ದರು. ಇವರು ತಾಯಿಯ ಮುಖ ನೋಡಲಾಗದೆ ತಲೆ ತಗ್ಗಿಸಿ ಕೂತಿದ್ದರು. ನಾನು ಅತ್ತೆಯ ಕಾಲಿಗೆ ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ಉಂಡಿದ್ದಕ್ಕಲ್ಲ ಕಣೇ" ಎಂದರು. "ಅಸಿದ್ರೆ ಕೇಳಿದ್ರೆ ಇನ್ನೆಲ್ಡು ಕಟ್ಟಾಕ್ತಿರ್ನಿಲ್ವಾ? ಅವ್ರ್ ಮುಂದೆ ನಿಂತ್ಕಂಡು ತಪ್ಪಾಯ್ತು ಅಂದ್ನಲ್ಲೇ ನಾನು. ಮಾಡ್ದೆ ಇರೋ ತಪ್ಪಿಗೆ. ನೀ ಕೇಳುಸ್ಕಂಡು ಕೂತಿದ್ದೆ."

ಕೇಳಿಸಿಕೊಂಡಿದ್ದು ಅವರಿಗೆ ಗೊತ್ತಿತ್ತು.

ತೋಳು ಹಿಡಿದು 'ಏಳು' ಎಂದು ಎಬ್ಬಿಸಿದರು. ಎಪ್ಪತ್ತನಾಲ್ಕರ ಕೈ, ತೊಂಬತ್ತು ಕೆ.ಜಿ.ಯ ನನ್ನನ್ನು ಎಳೆದುಕೊಂಡು ಹೋಗಿ ಮಾವನ ಫೋಟೋದ ಮುಂದೆ ನಿಲ್ಲಿಸಿದರು. "ಈಗ ನೀ ಯೋಳು ಅವ್ರಿಗೆ. ಯಾರ್ ಉಂಡಿದ್ದು ಅಂತ."

ಕೈಮುಗಿದೆ. ಗಂಟಲಲ್ಲೇ ಹೇಳಿಕೊಂಡೆ. ನನಗೇ ಕೇಳಿಸಿತೋ ಇಲ್ಲವೋ.

"ಜೋರಾಗ್ ಯೋಳು" ಎಂದರು ಅತ್ತೆ ಹಿಂದಿನಿಂದ. "ನಿಮ್ಮಾವಂಗೆ ಎಡಗಿವಿ ಕೇಳಕಿಲ್ಲ, ಬಲಗಿವಿ ಮಂದ. ನಂಗ್ ಗ್ಯಾಪ್ಕ ಐತೆ, ನಿಂಗೆ ಮರ್ತೋಯ್ತಾ?"

ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಇಂದ್ರಮ್ಮನ ಮನೆಯ ಟೀವಿಯ ಸದ್ದು ನಿಂತಿತು.

"ಇನ್ನೊಂದ್ ಕಿತ" ಎಂದರು ಅತ್ತೆ.